ರಸ್ತೆಬದಿಯ ಫಲಕದಲ್ಲಿ ಮೀಟರ್ ಏಕೆ ಸಲ್ಲದು

ಮಾನ್ಯರೇ,

ಇಂಗ್ಲೆಂಡಿಗೆ ಬಂದು ನಾಲ್ಕು ತಿಂಗಳಾಗಿರುವ ನೀವು, ಯುಗಾದಿ ಕಾರ್ಯಕ್ರಮಕ್ಕೆ ಬರುವವರಿಗೆ ದಾರಿ ತೋರಿಸಲೆಂದು ‘ಪಾರ್ಕಿಂಗ್ 200 ಎಮ್’ ಎಂದು ಬರೆಸಿ ದೀಪದ ಕಂಬಕ್ಕೆ ಕಟ್ಟಿದ್ದ ಫಲಕವನ್ನು ಸ್ಥಳೀಯ ಆಡಳಿತವಾದ ಕೌನ್ಸಿಲ್‌ನವರು ಬಿಚ್ಚಿಸಿದರೆಂದೂ, ರಸ್ತೆ ಫಲಕದಲ್ಲಿ ಮೀಟರ್ ಬರೆಯುವುದು ಕಾನೂನಿಗೆ ವಿರುದ್ಧವೆಂದು ಅವರು ಹೇಳಿದ್ದು ನಿಜವೇ ಎಂದೂ, ಹೊರಗಿನವರೆಂಬ ಕಾರಣಕ್ಕೆ ಹೀಗೆ ಮಾಡಿರಬಹುದೇ ಎಂದೂ ಕೇಳಿದ್ದೀರಿ. ಅವರು ಹೇಳಿದ್ದು ನಿಜ. ಹೊರಗಿನವರೆಂಬ ಅನುಮಾನವನ್ನು ದಯವಿಟ್ಟು ಮನಸ್ಸಿನಿಂದ ತೆಗೆದುಹಾಕಿ. ಇಲ್ಲೇ ಹುಟ್ಟಿ ಬೆಳೆದವರು ಕಟ್ಟಿದ್ದರೂ ಆ ಫಲಕಕ್ಕೆ ಅದೇ ಗತಿಯಾಗಬೇಕಿತ್ತು.

ಇಲ್ಲಿನ 1984ರ ರಸ್ತೆ ಸಂಚಾರ ನಿಯಂತ್ರಣ ಕಾಯ್ದೆಯ ಪ್ರಕಾರ, ಸಂಚಾರ ಫಲಕದ ಅಳತೆ, ಬಣ್ಣ ಮತ್ತು ಬಗೆ ಸರ್ಕಾರದ ನಿಯಮಾವಳಿಯಲ್ಲಿ ಹೇಳಿದಂತೆಯೇ ಇರಬೇಕು. ಈಗ ಜಾರಿಯಲ್ಲಿರುವ 2016ರ ನಿಯಮಾವಳಿಯು ದೂರವನ್ನು ಮೈಲಿ ಮತ್ತು ಗಜಗಳಲ್ಲಿ, ವೇಗವನ್ನು ಗಂಟೆಗೆ ಇಷ್ಟು ಮೈಲಿ ಎಂದು ತೋರಿಸಬೇಕೆನ್ನುತ್ತದೆ. ದೂರಕ್ಕೆ ಮೀಟರ್ ಬಳಸಲು ಅದರಲ್ಲಿ ಅವಕಾಶವೇ ಇಲ್ಲ. ಅನುಮತಿಯಿಲ್ಲದೆ ಕಂಬಕ್ಕೆ ಕಟ್ಟಿದ್ದು ಒಂದು ತಪ್ಪು, ಅಳತೆ ಇನ್ನೊಂದು. ಇದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಈ ದೇಶದ ದಾರಿಸೂಚಕ ಫಲಕಗಳಲ್ಲಿ ಅಂಕಿಯ ಪಕ್ಕದ ‘ಎಮ್’ ಅಕ್ಷರ ಮೈಲಿಯ ಸಂಕ್ಷೇಪವೇ ಹೊರತು ಮೀಟರಿನದಲ್ಲ. ಹೆದ್ದಾರಿಯಲ್ಲಿ ‘½ ಎಮ್’ ಎಂದು ಕಂಡರೆ ತಿರುವು ಅರ್ಧ ಮೈಲಿ, ಎಂದರೆ ಸುಮಾರು 800 ಮೀಟರ್ ಮುಂದಿದೆ ಎಂದರ್ಥ. ಅದೇ ಅಕ್ಷರವನ್ನು ಒಬ್ಬರು ಮೀಟರಿಗೆ, ಇನ್ನೊಬ್ಬರು ಮೈಲಿಗೆ ಬಳಸಿದರೆ ವೇಗವಾಗಿ ಬರುವ ಚಾಲಕನಿಗೆ ಗೊಂದಲವಾಗುತ್ತದೆ. ಆದ್ದರಿಂದ ಕೌನ್ಸಿಲ್‌ನವರ ಕ್ರಮದಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಆದರೆ ಎತ್ತರದ ಮಿತಿಯನ್ನು ತೋರಿಸುವ ಫಲಕಗಳ ವಿಷಯದಲ್ಲಿ ಈ ದೇಶ ಬಹಳ ಕಾಲ ತಪ್ಪು ದಾರಿಯಲ್ಲಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ನಾನು ಬಂದ ಹೊಸದರಲ್ಲಿ ಮನೆ ಬದಲಿಸಲೆಂದು ಬಾಡಿಗೆಗೆ ಒಂದು ದೊಡ್ಡ ವ್ಯಾನ್ ತಂದಿದ್ದೆ. ಅದರ ಎತ್ತರ 3.3 ಮೀಟರ್ ಎಂದು ಗಾಜಿನ ಮೇಲೆ ಚೀಟಿ ಅಂಟಿಸಿದ್ದರು. ಊರಿನ ಅಂಚಿನಲ್ಲಿ ಇಟ್ಟಿಗೆಯ ಕಮಾನಿನ ರೈಲ್ವೆ ಸೇತುವೆಯೊಂದು ಎದುರಾಯಿತು. ಅದರ ಕೆಂಪು ಅಂಚಿನ ಫಲಕದಲ್ಲಿ ಬರೆದಿದ್ದದ್ದು 10 ಅಡಿ 6 ಇಂಚು, ಅಷ್ಟೇ. ಹಿಂದೆ ಕಾರುಗಳು ಸಾಲುಗಟ್ಟಿದ್ದವು. ಊರಿನಲ್ಲಿ ಮೂವತ್ತು–ನಲವತ್ತರ ಸೈಟುಗಳ ಲೆಕ್ಕ ಕೇಳಿ ಬೆಳೆದ ನನಗೆ ಅಡಿ ಹೊಸದಾಗಿರಲಿಲ್ಲ. ಹತ್ತು ಅಡಿಗೆ ಮೂರು ಮೀಟರಿಗಿಂತ ಸ್ವಲ್ಪ ಹೆಚ್ಚು, ಆರು ಇಂಚಿಗೆ ಹದಿನೈದು ಸೆಂಟಿಮೀಟರ್, ಒಟ್ಟು ಮೂರೂಕಾಲು ಮೀಟರ್ ಕೂಡ ಆಗದು ಎಂದು ಲೆಕ್ಕ ಹಾಕಿ, ಹಿಂದಿನವರಿಗೆ ಕೈ ಮುಗಿದು, ವ್ಯಾನನ್ನು ಹಿಂದಕ್ಕೆ ತೆಗೆದುಕೊಂಡೆ. ಹತ್ತು ಸೆಂಟಿಮೀಟರಿನ ಅಂತರದಲ್ಲಿ ವ್ಯಾನಿನ ಚಾವಣಿ ಕಿತ್ತುಹೋಗುವುದು ತಪ್ಪಿತು. ಅಡಿಯ ಪರಿಚಯವೇ ಇಲ್ಲದೆ ಯುರೋಪಿನಿಂದ ಲಾರಿ ತರುವ ಚಾಲಕನ ಸ್ಥಿತಿಯನ್ನು ಊಹಿಸಿಕೊಳ್ಳಿ. 2015ರ ಮಾರ್ಚ್‌ನಿಂದ, ಹೊಸದಾಗಿ ನಿಲ್ಲಿಸುವ ಎತ್ತರ ಮತ್ತು ಅಗಲದ ಮಿತಿಯ ಫಲಕಗಳಲ್ಲಿ ಅಡಿ–ಇಂಚಿನ ಜೊತೆಗೆ ಮೀಟರನ್ನೂ ಬರೆಯುವುದು ಕಡ್ಡಾಯವಾಗಿದೆ. ಹೀಗಾಗಿ ಒಂದೇ ದೇಶದಲ್ಲಿ ‘ಎಮ್’ ದೂರದ ಫಲಕದಲ್ಲಿ ಮೈಲಿಯಾಗಿಯೂ ಎತ್ತರದ ಫಲಕದಲ್ಲಿ ಮೀಟರಾಗಿಯೂ ಇದೆ, ಇದನ್ನು ನೆನಪಿನಲ್ಲಿಡಿ. ಭಾರದ ಮಿತಿ ಮಾತ್ರ ಮೆಟ್ರಿಕ್ ಟನ್‌ಗಳಲ್ಲಿ ಇರುತ್ತದೆ.

ಅಂಗಡಿಯೊಳಗೆ ಕಾಲಿಟ್ಟರೆ ಕಾನೂನು ಇದಕ್ಕೆ ತಿರುಗುಮುರುಗು. ನಿಮ್ಮ ಮನೆಯವರು ವಾರದ ಸಂತೆಯಲ್ಲಿ ತರಕಾರಿ ಮಾರಾಟ ಆರಂಭಿಸುವ ಯೋಚನೆಯಲ್ಲಿದ್ದಾರೆಂದು ಬರೆದಿದ್ದೀರಾದ್ದರಿಂದ ಇದನ್ನೂ ಹೇಳಬೇಕು. 2000ದ ಜನವರಿಯಿಂದ ಬಿಡಿಯಾಗಿ ತೂಗಿ ಮಾರುವ ಪದಾರ್ಥಗಳನ್ನು ಕಿಲೋ–ಗ್ರಾಂಗಳಲ್ಲೇ ಮಾರಬೇಕು. ಹಳೆಯ ತೂಕವಾದ ಪೌಂಡಿನ ಲೆಕ್ಕದ ಬೆಲೆಯನ್ನು ಪಕ್ಕದಲ್ಲಿ ಬರೆಯಬಹುದು, ಆದರೆ ಅದು ಕಿಲೋ ಬೆಲೆಗಿಂತ ಎದ್ದು ಕಾಣಬಾರದು. ಸಂಡರ್‌ಲ್ಯಾಂಡಿನ ಸ್ಟೀವನ್ ಥೋಬರ್ನ್ ಎಂಬ ವ್ಯಾಪಾರಿ ಪೌಂಡಿನ ತಕ್ಕಡಿಯಲ್ಲಿ ಬಾಳೆಹಣ್ಣು ತೂಗಿ ಕೊಟ್ಟದ್ದಕ್ಕೆ 2001ರಲ್ಲಿ ಶಿಕ್ಷೆಗೊಳಗಾದರು. ಮರುವರ್ಷ ಅವರ ಮೇಲ್ಮನವಿಯೂ ಬಿದ್ದುಹೋಯಿತು. ಯುರೋಪಿಯನ್ ಒಕ್ಕೂಟವನ್ನು ಬಿಟ್ಟ ಮೇಲೆ ಸರ್ಕಾರ 2022ರಲ್ಲಿ ಹಳೆಯ ಅಳತೆಗಳನ್ನು ಮರಳಿ ತರಬೇಕೇ ಎಂದು ಜನರನ್ನು ಕೇಳಿದಾಗ, ಉತ್ತರಿಸಿದ ಒಂದು ಲಕ್ಷಕ್ಕೂ ಹೆಚ್ಚು ಮಂದಿಯಲ್ಲಿ ಶೇಕಡಾ 98ಕ್ಕಿಂತ ಹೆಚ್ಚಿನವರು ಮೆಟ್ರಿಕ್ ಪರವಾಗಿಯೇ ನಿಂತರು. ಪಬ್ಬಿನ ಬಿಯರಿಗೆ ಪೈಂಟ್ ಅಳತೆ ಉಳಿದಿದೆ, ಪೆಟ್ರೋಲ್ ಲೀಟರ್‌ನಲ್ಲಿ ಸಿಗುತ್ತದೆ.

ರಸ್ತೆಯೊಂದೇ ಏಕೆ ಹಿಂದೆ ಉಳಿಯಿತು? ಮೆಟ್ರಿಕ್ ಪದ್ಧತಿಗೆ ಹೋಗುವುದಾಗಿ ಬ್ರಿಟಿಷ್ ಸರ್ಕಾರ ಪ್ರಕಟಿಸಿದ್ದು 1965ರಲ್ಲಿ. ವೇಗಮಿತಿಯ ಫಲಕಗಳನ್ನು 1973ರಲ್ಲಿ ಬದಲಿಸಬೇಕೆಂದು ಗೊತ್ತಾಗಿದ್ದರೂ, 1970ರ ಕೊನೆಯಲ್ಲಿ ಅದನ್ನು ಮುಂದೂಡಿದರು. ಆ ಮುಂದೂಡಿಕೆ ಇಂದಿಗೂ ಮುಗಿದಿಲ್ಲ. ನೆರೆಯ ಐರ್ಲೆಂಡ್ 2005ರ ಜನವರಿ 20ರಂದು ತನ್ನ ವೇಗಮಿತಿಯ ಫಲಕಗಳನ್ನು ಕಿಲೋಮೀಟರಿಗೆ ಬದಲಿಸಿತು. ಬ್ರಿಟಿಷ್ ಆಡಳಿತದಲ್ಲಿರುವ ಬೆಲ್‌ಫಾಸ್ಟಿನಿಂದ ಐರ್ಲೆಂಡಿನ ಡಬ್ಲಿನ್‌ಗೆ ಕಾರಿನಲ್ಲಿ ಹೋದರೆ ಗಡಿ ದಾಟಿದೊಡನೆ ಅಂಕಿಗಳ ಅರ್ಥವೇ ಬದಲಾಗುತ್ತದೆ. ನಮ್ಮ ನಾಡನ್ನೇ ನೋಡಿ: 1956ರ ಕಾಯ್ದೆಯ ನಂತರ ಸೇರು–ಮಣಗಳು ಹೋದವು, ‘ಮೈಲಿಗಲ್ಲು’ ಎಂಬ ಮಾತು ಉಳಿಯಿತು, ಕಲ್ಲಿನ ಮೇಲೆ ಕಿಲೋಮೀಟರ್ ಬಂದಿತು, ಅದರಿಂದ ಯಾರ ಭಾಷೆಯೂ ಬಡವಾಗಲಿಲ್ಲ. ಇಲ್ಲಿಯೂ ಹಾಗೆ ಆಗಬೇಕೆಂದು ನಾನು ಮನಸಾರೆ ಬಯಸುತ್ತೇನೆ, ಏಕೆಂದರೆ ಎಂಜಿನಿಯರುಗಳು ರಸ್ತೆಯನ್ನು ಅಳೆಯುವುದು ಈಗಾಗಲೇ ಮೀಟರಿನಲ್ಲಿ. ಮೋಟಾರ್‌ವೇ ಬದಿಯ ಸಣ್ಣ ನೀಲಿ ಫಲಕದಲ್ಲಿ ರಸ್ತೆಯ ಹೆಸರಿನ ಕೆಳಗಿರುವ ಅಂಕಿ ಕಿಲೋಮೀಟರಿನದೇ. ಕಾರು ಕೆಟ್ಟು ನಿಂತಾಗ ಸಹಾಯಕ್ಕೆ ಕರೆಮಾಡಿದರೆ ಆ ಫಲಕದಲ್ಲಿರುವುದನ್ನೆಲ್ಲ ಓದಿ ಹೇಳಿ. ನೀವಿರುವ ಜಾಗ ಅವರಿಗೆ ಒಡನೆ ತಿಳಿಯುತ್ತದೆ.

ಹಾಗೆಂದು ಕಾನೂನು ಬದಲಾಗುವ ಮೊದಲೇ ನಾವು ಬದಲಿಸಲು ಹೋಗಬಾರದು. ಮೀಟರ್ ವಿರೋಧಿಗಳ ಗುಂಪೊಂದು 2001ರ ಸುಮಾರಿನಿಂದ ಮೀಟರ್ ಫಲಕಗಳನ್ನು ತಾನೇ ಕೀಳುವ, ತಿದ್ದುವ ಕೆಲಸಕ್ಕೆ ಇಳಿದಿತ್ತು. ಆ ದಾರಿಯೂ ಸರಿಯಲ್ಲ, ಅದರ ಎದುರು ದಾರಿಯೂ ಸರಿಯಲ್ಲ.

ಮುಂದಿನ ಕಾರ್ಯಕ್ರಮಕ್ಕೆ ಸಾಕಷ್ಟು ವಾರಗಳ ಮೊದಲೇ ಕೌನ್ಸಿಲ್‌ನ ಹೆದ್ದಾರಿ ವಿಭಾಗಕ್ಕೆ ಬರೆದು, ತಾತ್ಕಾಲಿಕ ಫಲಕಕ್ಕೆ ಅನುಮತಿ ಕೇಳಿ. ಫಲಕದಲ್ಲಿ ‘220 ಗಜ’ ಎಂದು ಬರೆಸಿ. ನಿಮ್ಮ 200 ಮೀಟರಿಗೆ ಅದು ಒಂದೆರಡು ಹೆಜ್ಜೆಯಷ್ಟೇ ಹೆಚ್ಚು. ಗಜದ ಇಂಗ್ಲಿಷ್ ಪದವನ್ನು ಪೂರ್ತಿಯಾಗಿ ಬರೆಸಿದರೆ ಒಳ್ಳೆಯದು. ಸಭಾಭವನದ ಬಾಗಿಲ ಒಳಗೆ ಊಟದ ಸಾಲಿಗೆ, ಚಪ್ಪಲಿ ಬಿಡುವ ಜಾಗಕ್ಕೆ ಹಾಕುವ ಕನ್ನಡ ಫಲಕಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅಲ್ಲಿ ನಿಮಗೆ ತೋಚಿದಂತೆ ಬರೆಸಬಹುದು.