ತಪ್ಪಿದ ಮರುದಿನ ಏನು ಮಾಡಬೇಕು?

ನನ್ನ ಹತ್ತಿರ ಬಂದ ಒಬ್ಬ ಮಹಿಳೆಯ ನಡಿಗೆಯ ಕಥೆ ಇದು. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಅವರಿಗೆ 48 ವರ್ಷ. ಮೈಸೂರಿನಲ್ಲಿ ಕಚೇರಿ ಕೆಲಸ. ಶುಗರ್ ಗಡಿಯಲ್ಲಿದೆ, ದಿನಾ ನಡೆಯಿರಿ ಅಂತ ಡಾಕ್ಟರ್ ಹೇಳಿ ವರ್ಷವಾಗಿತ್ತು. ಮಗಳು ಸ್ಮಾರ್ಟ್‌ವಾಚ್ ಕೊಡಿಸಿದ್ದಳು. ಮೂರು ತಿಂಗಳು ಒಂದು ದಿನವೂ ಬಿಡದೆ 10,000 ಹೆಜ್ಜೆ ನಡೆದರೆ ಯಜಮಾನರು ಚಿನ್ನದ ಓಲೆ ಕೊಡಿಸುವ ಮಾತಾಗಿತ್ತು.

"ಹನ್ನೊಂದನೇ ದಿನ ಜೋರು ಮಳೆ ಮೇಡಂ. ಹೋಗಲಿಲ್ಲ. ಓಲೆ ಹೇಗಿದ್ರೂ ಹೋಯ್ತಲ್ಲ ಅಂತ ಮಾರನೇ ದಿನಾನೂ ಹೋಗಲಿಲ್ಲ. ನನಗೆ ಶಿಸ್ತೇ ಇಲ್ಲ." ಹೇಳುತ್ತಾ ವಾಚಿನ ಪಟ್ಟಿ ಬಿಚ್ಚುತ್ತಿದ್ದರು, ಮತ್ತೆ ಹಾಕುತ್ತಿದ್ದರು.

ಇಪ್ಪತ್ತು ವರ್ಷದಿಂದ ಬೆಳಿಗ್ಗೆ ಐದಕ್ಕೆ ಎದ್ದು ಮೂರು ಡಬ್ಬಿ ಕಟ್ಟುವವರಿಗೆ ಶಿಸ್ತಿಲ್ಲವಾ? ತಪ್ಪು ಇದ್ದದ್ದು ಒಪ್ಪಂದದಲ್ಲಿ. ಒಂದೇ ದಿನಕ್ಕೆ ಎಲ್ಲವೂ ಕೈತಪ್ಪುವುದಾದರೆ ಮರುದಿನ ಚಪ್ಪಲಿ ಮೆಟ್ಟಲು ಯಾರಿಗೆ ಮನಸ್ಸು ಬರುತ್ತದೆ? ಇನ್ನು ಆ 10,000. ಅದು ವೈದ್ಯರು ಲೆಕ್ಕ ಹಾಕಿ ಕೊಟ್ಟ ಸಂಖ್ಯೆಯಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಸಾಧನಕ್ಕೆ 'ಹತ್ತು ಸಾವಿರ ಹೆಜ್ಜೆಯ ಮೀಟರ್' ಅಂತ ಹೆಸರಿಟ್ಟು ಮಾರಿತು. ಅಲ್ಲಿಂದ ಹರಡಿದ್ದು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ, ಚುರುಕು ನಡಿಗೆಯಂಥ ಚಟುವಟಿಕೆ. ಇದನ್ನು ಕೇಳಿದ ಮೇಲೆ ಅವರು ವಾಚನ್ನು ಬಿಟ್ಟು ನನ್ನ ಮುಖ ನೋಡಿದರು.

ಮೊದಲ ವಾರ ಗುರಿ ಬೇಡ, ಸುಮ್ನೆ ಎಣಿಸಿ ಅಂದೆ. ದಿನಕ್ಕೆ ಸರಾಸರಿ 3,800 ಬಂತು. 4,800 ಮಾಡ್ತೀನಿ ಅಂತ ಅವರೇ ಹೇಳಿದರು. ನಾನು ಹೇಳಿದ್ದರೆ ಅದು ನನ್ನ ಗುರಿಯಾಗುತ್ತಿತ್ತು, ಅಲ್ವಾ? ಯಾವಾಗ, ಎಲ್ಲಿ ಅನ್ನುವುದನ್ನೂ ಬರೆಸಿದೆ: "ಸಂಜೆ ಬಸ್ಸಿಳಿದು ನೇರ ಪಾರ್ಕಿಗೆ, ಆಮೇಲೆ ಮನೆ." ಮನೆಗೆ ಹೋದರೆ ಅಡುಗೆಮನೆ ಬಿಡುವುದಿಲ್ಲ.

ಬಹುಮಾನವನ್ನು ತಿರುಗಿಸಿದೆವು. ತಿಂಗಳ ಮೊದಲ ದಿನ ಇಪ್ಪತ್ತರ 30 ನೋಟು ಗಾಜಿನ ಬಾಟಲಿಗೆ. ತಪ್ಪಿದ ದಿನ ಒಂದು ನೋಟು ಯಜಮಾನರ ಜೇಬಿಗೆ. ಹೊಸದು ಸಿಗುವ ಖುಷಿಗಿಂತ ಕೈಲಿರುವುದು ಹೋಗುವ ಸಂಕಟ ಸಾಮಾನ್ಯವಾಗಿ ಜಾಸ್ತಿ. 2016ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 281 ಉದ್ಯೋಗಿಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಬಂತು. ಗುರಿ 7,000 ಹೆಜ್ಜೆ. ಮೊದಲೇ ದುಡ್ಡು ಕೊಟ್ಟು, ತಪ್ಪಿದ ದಿನ ಅದರಲ್ಲಿ ಸ್ವಲ್ಪ ಕಡಿತ ಮಾಡಿದ ಗುಂಪು ಶೇ. 45ರಷ್ಟು ದಿನ ಗುರಿ ಮುಟ್ಟಿತು. ದುಡ್ಡಿನ ಮಾತೇ ಇಲ್ಲದ ಗುಂಪು ಶೇ. 30ರಷ್ಟು.

ಆದರೆ ನನಗೆ ಮುಖ್ಯವಾಗಿದ್ದು ಕೊನೆಯ ನಿಯಮ. ತಪ್ಪಿದ ಮರುದಿನ ನಡೆದರೆ ಹೋದ ನೋಟು ವಾಪಸ್. ಎದೆನೋವು, ತಲೆಸುತ್ತು ಬಂದರೆ ಮಾತ್ರ ಯಾವ ಲೆಕ್ಕವೂ ಇಲ್ಲ, ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ ಅಂದೆ.

ಮೂರನೇ ತಿಂಗಳು ಬಂದಾಗ 6,200 ಆಸುಪಾಸಿನಲ್ಲಿದ್ದರು. ನಾಲ್ಕು ನೋಟು ಹೊರಗೆ ಹೋಗಿ, ಮೂರು ವಾಪಸ್ ಬಂದಿದ್ದವು. ಪಾರ್ಕಿನಲ್ಲಿ ಇಬ್ಬರು ಹೆಂಗಸರು ಇವರಿಗಾಗಿ ಕಾಯುತ್ತಾರಂತೆ. ಇನ್ನು ಬಾಟಲಿ ಎತ್ತಿಡೋಣವಾ ಅಂತ ಕೇಳಿದೆ.

"ಮಳೆಗಾಲ ಮುಗೀಲಿ ಮೇಡಂ" ಅಂದರು.

ಆಗಲಿ ಅಂದೆ.