ಕ್ರಿಕೆಟ್ ಕಿಟ್‌ನಲ್ಲಿ ಬೇಸ್‌ಬಾಲ್ ಆಡಿಸಬಹುದೇ?

ಪ್ರಶ್ನೆ: ನಮ್ಮ ಹೈಸ್ಕೂಲಿನಲ್ಲಿ ಒಳ್ಳೆಯ ಕ್ರಿಕೆಟ್ ಕಿಟ್ ಇದೆ. ಅದರಲ್ಲೇ ಬೇಸ್‌ಬಾಲ್ ಕಲಿಸಬಹುದೇ? ಹೊಸದಾಗಿ ಏನೇನು ಬೇಕು?
– ದೈಹಿಕ ಶಿಕ್ಷಕರು, ಹುಮನಾಬಾದ್

ಉತ್ತರ: ಬ್ಯಾಟಿಗಿಂತ ಮೊದಲು ಗ್ಲೌಸ್ ಕೊಳ್ಳಿ. ಕ್ರಿಕೆಟ್ ಫೀಲ್ಡಿಂಗ್‌ನಲ್ಲಿ ಕೀಪರ್ ಒಬ್ಬರಿಗೇ ಗ್ಲೌಸ್. ಬೇಸ್‌ಬಾಲ್‌ನಲ್ಲಿ ಒಂಬತ್ತೂ ಫೀಲ್ಡರ್‌ಗಳಿಗೆ ಬೇಕು, ಅದೂ ಒಂದೇ ಕೈಗೆ. ಎಸೆಯುವ ಕೈ ಖಾಲಿ ಇರಬೇಕು. ಬಲಗೈಯಲ್ಲಿ ಎಸೆಯುವವರಿಗೆ ಎಡಗೈ ಗ್ಲೌಸ್. ಆರ್ಡರ್ ಕೊಡುವಾಗ ಇದನ್ನು ಬಿಡಿಸಿ ಬರೆಯಿರಿ, ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ಕೀಪರ್ ಗ್ಲೌಸ್ ಇದಕ್ಕೆ ಒದಗದು. ಬೇಸ್‌ಬಾಲ್ ಗ್ಲೌಸಿನಲ್ಲಿ ಹೆಬ್ಬೆರಳು, ತೋರುಬೆರಳಿನ ನಡುವೆ ಆಳವಾದ ಚರ್ಮದ ಹೆಣಿಗೆ ಇರುತ್ತದೆ. ಚೆಂಡು ಅಲ್ಲಿ ಕೂತರೆ ಅಂಗೈಗೆ ಪೆಟ್ಟು ಬೀಳುವುದಿಲ್ಲ.

ಹೊಸ ಗ್ಲೌಸ್ ಹಲಗೆಯಂತೆ ಬಿರುಸಾಗಿರುತ್ತದೆ. ಹೆಣಿಗೆಯ ಬುಡದಲ್ಲಿ ಚೆಂಡಿಟ್ಟು, ಮಡಚಿ, ಹಗ್ಗ ಬಿಗಿದು ರಾತ್ರಿಯಿಡೀ ಇಡಿ. ಹಗಲು ಮೆಲ್ಲಗೆ ಎಸೆದು ಕ್ಯಾಚ್ ಹಿಡಿಸಿ. ಬೆವರಿಗೆ ನೆನೆದರೆ ನೆರಳಲ್ಲೇ ಆರಿಸಿ. ನಮ್ಮ ಏಪ್ರಿಲ್ ಬಿಸಿಲಿಗೆ ಚರ್ಮದ ಲಾಡಿಗಳು ಸೀಳಿಬಿಡುತ್ತವೆ.

ಕ್ಯಾಚರ್ ವಿಷಯದಲ್ಲಿ ದಯವಿಟ್ಟು ರಾಜಿ ಬೇಡ. ಬೀಸುವ ಬ್ಯಾಟಿನ ಹಿಂದೆಯೇ ಕುಕ್ಕರಗಾಲಲ್ಲಿ ಕೂರುವ ಮಗುವಿಗೆ ಮುಖ, ಗಂಟಲು, ಎದೆ, ಮೊಣಕಾಲು ಮುಚ್ಚುವ ಅದರದೇ ಸಾಮಾನು ಬೇಕು. ಬ್ಯಾಟಿಂಗ್ ಪ್ಯಾಡಿನ ತುದಿ ಮಂಡಿ ದಾಟಿ ಮೇಲೆ ಬರುವುದರಿಂದ ಕೂರಲಿಕ್ಕೇ ಆಗದು.

ಚೆಂಡೂ ಬೇರೆ. ಕ್ರಿಕೆಟ್ ಚೆಂಡು 156ರಿಂದ 163 ಗ್ರಾಂ, ಬೇಸ್‌ಬಾಲ್ 142ರಿಂದ 149 ಗ್ರಾಂ. ಆದರೆ ಸುತ್ತಳತೆಯಲ್ಲಿ ಬೇಸ್‌ಬಾಲೇ ತುಸು ದೊಡ್ಡದು. ಅದರೊಳಗೆ ಕಾರ್ಕ್–ರಬ್ಬರ್ ಗುಂಡಿನ ಸುತ್ತ ಉಣ್ಣೆ ದಾರ ಸುತ್ತಿರುತ್ತಾರೆ. ಆದ್ದರಿಂದ ಒದ್ದೆ ಮೈದಾನದಲ್ಲಿ ನೀರು ಕುಡಿದು ಭಾರವಾಗುತ್ತದೆ. ಮರದ ಬೇಸ್‌ಬಾಲ್ ಬ್ಯಾಟಿನಿಂದ ಕ್ರಿಕೆಟ್ ಚೆಂಡು ಹೊಡೆಸಬೇಡಿ, ಬ್ಯಾಟ್ ಸೀಳಬಹುದು.

ಪ್ರಶ್ನೆ: ಒಂದು ಬ್ಯಾಟ್ ಚಪ್ಪಟೆ, ಇನ್ನೊಂದು ದುಂಡಗೆ. ಯಾಕೆ?
– ವಿದ್ಯಾರ್ಥಿ, ಶಹಾಪುರ

ಉತ್ತರ: ಕ್ರಿಕೆಟ್‌ನಲ್ಲಿ ಚೆಂಡು ನೆಲಕ್ಕೆ ಬಿದ್ದು ಪುಟಿಯುತ್ತದೆ, ಹಿಂದೆ ಸ್ಟಂಪ್ ಇದೆ. ನೆಟ್ಟಗೆ ಹಿಡಿದು ತಡೆಯಲು ಅಗಲ ಮುಖ ಬೇಕು. ನಿಯಮದ ಮಿತಿ 10.8 ಸೆಂಮೀ. ಬೇಸ್‌ಬಾಲ್ ಪುಟಿಯದೆ ಬರುತ್ತದೆ, ಕಾಯಲು ಸ್ಟಂಪ್ ಇಲ್ಲ, ಅಡ್ಡಡ್ಡ ಬೀಸಿದರೆ ಸಾಕು. ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಕೂಟವಾದ ಮೇಜರ್ ಲೀಗ್‌ನ ನಿಯಮದಲ್ಲಿ ದುಂಡು ಬ್ಯಾಟಿನ ವ್ಯಾಸ 6.63 ಸೆಂಮೀ ಮೀರುವಂತಿಲ್ಲ. ಕ್ರಿಕೆಟ್ ಬ್ಯಾಟಿಗೆ ಮೆತ್ತನೆಯ ವಿಲ್ಲೋ, ಪೆಟ್ಟಿನ ಅದುರು ನುಂಗಲು ಬೆತ್ತದ ಹಿಡಿ. ಬೇಸ್‌ಬಾಲಿನದು ಮೇಪಲ್ ಅಥವಾ ಆ್ಯಶ್ ಮರದ ಒಂದೇ ತುಂಡು.

ಪ್ರಶ್ನೆ: ಬೇಸಿಗೆ ಬಂದರೆ ಬ್ಯಾಟಿನ ಮುಖ ಬಿರಿಯುತ್ತದೆ. ಎಣ್ಣೆ ಎಷ್ಟು ಹಚ್ಚಬೇಕು?
– ಕ್ರಿಕೆಟಿಗ, ಕಲಬುರಗಿ

ಉತ್ತರ: ಒಣ ಬಿಸಿಲಿಗೆ ವಿಲ್ಲೋ ತನ್ನ ತೇವ ಕಳೆದುಕೊಂಡು ಬಿರಿಯುತ್ತದೆ. ಒಂದು ಟೀ ಚಮಚ ಹಸಿ ಅಗಸಿ ಎಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ ಮುಖ, ಅಂಚು, ತುದಿಗೆ ಸವರಿ, ರಾತ್ರಿ ಅಡ್ಡ ಮಲಗಿಸಿ. ಹಿಡಿ ಬ್ಲೇಡಿಗೆ ಸೇರುವ ಜಾಗಕ್ಕೆ ತಾಗಿಸಬೇಡಿ, ಅಂಟು ಸಡಿಲಾಗುತ್ತದೆ. ಪೇಂಟ್ ಅಂಗಡಿಯ ಕಾಯಿಸಿದ ಎಣ್ಣೆ ಬೇಡ, ಅದು ಮೇಲೆಯೇ ಪೊರೆ ಕಟ್ಟುತ್ತದೆ. ಅತಿಯಾಗಿ ಸುರಿದರೆ ಬ್ಯಾಟ್ ಭಾರವಾಗಿ ಪುಟಿತ ಸಾಯುತ್ತದೆ. ತಗಡಿನ ಕೋಣೆಯಲ್ಲೋ ಕಾರಿನ ಡಿಕ್ಕಿಯಲ್ಲೋ ಬಿಡಬೇಡಿ. ಮುಖಕ್ಕೆ ಪಾರದರ್ಶಕ ಹಾಳೆ ಅಂಟಿಸಿದ್ದರೆ ಹಿಂಬದಿಗೆ, ತುದಿಗೆ ಮಾತ್ರ ಹಚ್ಚಿ.