ಸಾಗರದಿಂದ ಜರ್ಮನಿಗೆ ನಾಯಿ: ಲಸಿಕೆ ತಿರಸ್ಕಾರವಾಗಿದ್ದಕ್ಕೆ

ಮುಂದಿನ ತಿಂಗಳು ಸಾಗರದಿಂದ ಜರ್ಮನಿಗೆ ನಾಯಿಯನ್ನ ಕರ್ಕೊಂಡು ಹೋಗಬೇಕು, ಆದರೆ ಅದರ ರೇಬಿಸ್ ಲಸಿಕೆ ತಿರಸ್ಕಾರವಾಗಿದೆ, ಏನು ಮಾಡೋದು ಅಂತ ಕೇಳಿದ್ದೀರಿ. ಲಸಿಕೆ ಜನವರಿಯಲ್ಲಿ, ಮೈಕ್ರೋಚಿಪ್ (ಚರ್ಮದಡಿ ಹಾಕೋ ಗುರುತಿನ ಚಿಪ್) ಮಾರ್ಚಲ್ಲಿ ಅಂತ ಬರೆದಿದ್ದೀರಿ. ತೊಂದರೆ ಅಲ್ಲೇ ಇರೋ ಹಾಗಿದೆ. ಚಿಪ್ಪಿಗಿಂತ ಮೊದಲು ಕೊಟ್ಟ ರೇಬಿಸ್ ಲಸಿಕೆಯನ್ನು ಯುರೋಪಿಯನ್ ಒಕ್ಕೂಟ ಲೆಕ್ಕಕ್ಕೇ ತಗೊಳ್ಳಲ್ಲ.

ಮೊದಲು ಸಾಗರದಲ್ಲೇ ಡಾಕ್ಟರ ಹತ್ರ ಚಿಪ್ ಸ್ಕ್ಯಾನ್ ಮಾಡಿಸಿ, 15 ಅಂಕಿ ಬರುತ್ತಾ ನೋಡಿ. ಬಂದರೆ ಅವತ್ತೇ ಹೊಸದಾಗಿ ಲಸಿಕೆ ಹಾಕಿಸಿ, ಲಸಿಕೆ ಪುಸ್ತಕದಲ್ಲಿ ಚಿಪ್ ನಂಬರೂ ಬರೆಸಿ. 30 ದಿನ ಕಳೆದ ಮೇಲೆ ರಕ್ತ ಪರೀಕ್ಷೆ, ಲಸಿಕೆಯಿಂದ ರೇಬಿಸ್ ವಿರುದ್ಧ ಪ್ರತಿಕಾಯ ಸಾಕಷ್ಟು ಬಂದಿದೆಯಾ ನೋಡೋಕೆ. ಮಾದರಿ ಒಕ್ಕೂಟದ ಮಾನ್ಯತೆ ಇರೋ ಲ್ಯಾಬಿಗೇ ಹೋಗಬೇಕು, ಫಲಿತಾಂಶ ಪ್ರತಿ ಮಿಲಿಲೀಟರಿಗೆ ಕನಿಷ್ಠ 0.5 ಐಯು (ಪ್ರತಿಕಾಯ ಅಳೆಯೋ ಯೂನಿಟ್) ಇರಬೇಕು. ಆಮೇಲೆ 3 ತಿಂಗಳು ಕಾಯಲೇಬೇಕು. ಇದನ್ನ ಎಣಿಸೋದು ರಕ್ತ ತೆಗೆದ ದಿನದಿಂದ, ವರದಿ ಬಂದ ದಿನದಿಂದ ಅಲ್ಲ.

ಹಾಗಾಗಿ ಮುಂದಿನ ತಿಂಗಳ ಟಿಕೆಟ್ ಆಗಲ್ಲ, ದಯವಿಟ್ಟು ಈಗಲೇ ಮುಂದಕ್ಕೆ ಹಾಕಿ. ನೀವು ಮೊದಲು ಹೋಗಿ ನಾಯಿಯನ್ನ ಆಮೇಲೆ ತರಿಸ್ಕೊಳ್ಳೋದಾದ್ರೆ ನಡುವೆ 5 ದಿನ ಮೀರಬಾರದು. ಮೀರಿದರೆ ವ್ಯಾಪಾರದ ಸಾಗಣೆಯ ನಿಯಮ ಬೀಳುತ್ತೆ.

ಕಾಯೋ ತಿಂಗಳುಗಳಲ್ಲಿ ಪ್ರಯಾಣದ ಪೆಟ್ಟಿಗೆಯನ್ನ ಜಗಲಿ ಮೇಲಿಟ್ಟು ಅದರೊಳಗೇ ಊಟ ಹಾಕಿ, ಪಾಪ ಅದಕ್ಕೆ ಭಯ ಹೋಗಲಿ. ನಮ್ಮ ಕಡೆ ಉಣುಗು ಜಾಸ್ತಿ, ಔಷಧಿ ತಪ್ಪಿಸಬೇಡಿ. ಕೊನೆಗೆ ಬೆಂಗಳೂರಿನ ಪ್ರಾಣಿ ಕ್ವಾರಂಟೈನ್ ಕೇಂದ್ರದ ಪ್ರಮಾಣಪತ್ರ. ಒಕ್ಕೂಟದ ಆರೋಗ್ಯ ಪ್ರಮಾಣಪತ್ರಕ್ಕೆ ಸಹಿಯಾದ 10 ದಿನದೊಳಗೆ ನಾಯಿ ಜರ್ಮನಿಯಲ್ಲಿ ಇಳಿಯಬೇಕು, ಅದಕ್ಕೆ ಹೊಂದಿಸಿ ದಿನ ಗೊತ್ತುಮಾಡ್ಕೊಳ್ಳಿ.